ಕೈ ಕೊಟ್ಟವನು ನೆರವಾದನೋ, ನಡುನೀರಲ್ಲಿ ಬಿಟ್ಟನೋ? ಮೈ ಅಂಗಗಳ ಇಂಗ್ಲಿಷ್ ಕಲಿಯಲು ಒಂದು ಸಮಗ್ರ ಮಾರ್ಗದರ್ಶಿ

ಕೋಲಾರದಲ್ಲಿ ನಾನು ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬಂದ ಹುಡುಗ ಹುಡುಗಿಯರು. ಮುಳಬಾಗಿಲು ಕಡೆಯ ಒಬ್ಬ ಹುಡುಗ ಒಂದು ದಿನ ಮುಖ ಸಪ್ಪಗೆ ಮಾಡಿಕೊಂಡು ಬಂದ. ಬೆಳಿಗ್ಗೆ ಕೆಲಸದ ಸಂದರ್ಶನ ಇತ್ತಂತೆ. ಮೊದಲು ಏನು ಮಾಡುತ್ತಿದ್ದೆ, ಯಾಕೆ ಬಿಟ್ಟೆ ಎಂದು ಕೇಳಿದ್ದಾರೆ. ಇವನು ನೆಂಟನೊಬ್ಬನ ಜೊತೆ ಸೇರಿ ಟೆಂಪೊದಲ್ಲಿ ಟೊಮೆಟೊ ಸಾಗಿಸುತ್ತಿದ್ದವನು. ನೆಂಟ ನಡುವೆ ಕೈ ಕೊಟ್ಟ. ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ: ‘ಮೈ ಪಾರ್ಟ್‌ನರ್ ಗೇವ್ ಮಿ ಎ ಹ್ಯಾಂಡ್, ಸೋ ಐ ಲೆಫ್ಟ್’. ಎದುರಿಗಿದ್ದವರು ಎರಡು ಸಲ ಕೇಳಿ, ಮುಂದಿನ ಪ್ರಶ್ನೆಗೆ ಹೋಗಿಬಿಟ್ಟರು.

ವ್ಯಾಕರಣ ಸರಿ ಇತ್ತು, ಉಚ್ಚಾರಣೆಯೂ ಸರಿ ಇತ್ತು. ಆದರೆ ಇಂಗ್ಲಿಷಿನಲ್ಲಿ ‘ಗಿವ್ ಎ ಹ್ಯಾಂಡ್’ ಎಂದರೆ ನೆರವಾಗುವುದು. ಅವರ ಕಿವಿಗೆ ಬಿದ್ದದ್ದು ಇಷ್ಟು: ಜೊತೆಗಾರ ಸಹಾಯ ಮಾಡಿದ, ಅದಕ್ಕೇ ನಾನು ಕೆಲಸ ಬಿಟ್ಟೆ!

ಅವನಿಗೆ ಅಂದು ಹೇಳಿಕೊಟ್ಟದ್ದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ತಲೆ, ಕಣ್ಣು, ಕೈ, ಹೊಟ್ಟೆಗಳ ಮೇಲೆ ಇಂಗ್ಲಿಷಿನಲ್ಲಿ ನೂರಾರು ನುಡಿಗಟ್ಟುಗಳಿವೆ. ಪಟ್ಟಿ ಹಿಡಿದು ಉರು ಹೊಡೆದರೆ ವಾರದೊಳಗೆ ಮರೆತುಹೋಗುತ್ತವೆ. ನಮ್ಮ ಕನ್ನಡದಲ್ಲೂ ಅಷ್ಟೇ ಸಮೃದ್ಧವಾದ ಅಂಗಗಳ ನುಡಿ ಇದೆ, ಅದು ನಮಗೆ ಹುಟ್ಟಿನಿಂದಲೇ ಬಂದಿದೆ. ಆ ಬಂಡವಾಳದ ಮೇಲೆಯೇ ಇಂಗ್ಲಿಷ್ ಕಟ್ಟಬೇಕು ಎನ್ನುವುದು ನನ್ನ ಗಟ್ಟಿ ನಂಬಿಕೆ.

ಮೊದಲು ಗಡಿ ಗುರುತಿಸಿಕೊಳ್ಳಿ

ನುಡಿಗಟ್ಟಿಗೆ ಕೈ ಹಾಕುವ ಮುಂಚೆ ಅಂಗಗಳ ಹೆಸರು ಸರಿಯಾಗಬೇಕು. ನಾವು ಭುಜದಿಂದ ಬೆರಳ ತುದಿಯವರೆಗೂ ‘ಕೈ’ ಎನ್ನುತ್ತೇವೆ. ಇಂಗ್ಲಿಷ್ ಮಣಿಕಟ್ಟಿನಲ್ಲಿ ಗೆರೆ ಎಳೆಯುತ್ತದೆ: ಮೇಲಿನದು ‘ಆರ್ಮ್’, ಕೆಳಗಿನದು ‘ಹ್ಯಾಂಡ್’. ಹಾಗೆಯೇ ‘ಕಾಲು’ ಎರಡಾಗುತ್ತದೆ. ಪಾದ ‘ಫುಟ್’, ಅದರ ಮೇಲಿನದು ‘ಲೆಗ್’. ‘ಬೆರಳು’ ಕೂಡ ಎರಡು: ಕೈಯದು ‘ಫಿಂಗರ್’, ಕಾಲಿನದು ‘ಟೋ’. ಕಾಲ್ಬೆರಳಿಗೆ ಪೆಟ್ಟಾದಾಗ ‘ಲೆಗ್ ಫಿಂಗರ್’ ಎನ್ನುವುದನ್ನು ನಾನು ಪ್ರತಿ ತಂಡದಲ್ಲೂ ಕೇಳಿದ್ದೇನೆ. ‘ರೆಪ್ಪೆ’ ಎಂದರೆ ನಮಗೆ ಮುಚ್ಚಳವೂ ಹೌದು, ಅದರ ಕೂದಲೂ ಹೌದು. ಅಲ್ಲಿ ಮುಚ್ಚಳ ‘ಐಲಿಡ್’, ಕೂದಲು ‘ಐಲ್ಯಾಶ್’.

‘ತಲೆ ಬಾಚಿಕೊಂಡೆ’ ಎನ್ನುವಾಗ ನಮ್ಮ ತಲೆ ಎಂದರೆ ಕೂದಲು. ಇಂಗ್ಲಿಷಿನಲ್ಲಿ ಬಾಚುವುದು ‘ಹೇರ್’ ಅನ್ನೇ. ‘ಸೊಂಟ ನೋವು’ ಎಂದು ಆಸ್ಪತ್ರೆಯಲ್ಲಿ ಹೇಳಬೇಕಾದಾಗ ‘ವೇಸ್ಟ್’ ಎನ್ನಬೇಡಿ, ಅದು ಬೆಲ್ಟ್ ಕಟ್ಟುವ ಜಾಗದ ಸುತ್ತಳತೆ. ‘ಮೈ ಲೋಯರ್ ಬ್ಯಾಕ್ ಹರ್ಟ್ಸ್’ ಎನ್ನಿ. ‘ಎದೆಯುರಿ’ಗೆ ‘ಹಾರ್ಟ್‌ಬರ್ನ್’ ಎನ್ನುತ್ತಾರೆ. ಹೆಸರಿನಲ್ಲಿ ಹಾರ್ಟ್ ಇದ್ದರೂ ಅದು ಹೊಟ್ಟೆಯ ಆಮ್ಲ ಮೇಲೆ ಬರುವ ತೊಂದರೆ.

ಕೆಲವು ಪದಗಳು ಇನ್ನೊಂದು ಅರ್ಥ ಹೊತ್ತುಕೊಂಡೇ ಬರುತ್ತವೆ. ‘ಪಾಮ್’ ಅಂಗೈಯೂ ಹೌದು, ತಾಳೆ ಮರವೂ ಹೌದು. ‘ಕಾಫ್’ ಮೀನಖಂಡ, ಜೊತೆಗೆ ಕರು. ‘ನೇಲ್’ ಉಗುರು ಮತ್ತು ಮೊಳೆ. ‘ಟೆಂಪಲ್’ ದೇವಸ್ಥಾನ ಹೌದು, ಹಣೆಯ ಪಕ್ಕ ಕಣ್ಣಿಗೂ ಕಿವಿಗೂ ನಡುವಿನ ಜಾಗವೂ ಹೌದು.

ಇವುಗಳಲ್ಲಿ ‘ಪ್ಯೂಪಿಲ್’ ನನಗೆ ಎಲ್ಲಕ್ಕಿಂತ ಇಷ್ಟ. ಶಾಲೆಯ ವಿದ್ಯಾರ್ಥಿಗೂ ಅದೇ ಪದ, ಕಣ್ಣಿನ ನಡುವಿನ ಕಪ್ಪು ಚುಕ್ಕೆಗೂ ಅದೇ. ಪಕ್ಕದಲ್ಲಿ ಕೂತವರ ಕಣ್ಣನ್ನು ಹತ್ತಿರದಿಂದ ನೋಡಿ. ಆ ಕಪ್ಪಿನಲ್ಲಿ ನಿಮ್ಮದೇ ಪುಟ್ಟ ರೂಪ ಕಾಣುತ್ತದೆ, ಗೊಂಬೆಯಷ್ಟು ಚಿಕ್ಕದಾಗಿ. ಲ್ಯಾಟಿನ್ ಭಾಷೆಯವರು ಅದನ್ನು ಕಂಡೇ ‘ಪುಟ್ಟ ಗೊಂಬೆ’ ಎಂಬ ಅರ್ಥದ ಹೆಸರಿಟ್ಟರು, ಇಂಗ್ಲಿಷಿಗೆ ಬಂದದ್ದು ಅದೇ. ನಮ್ಮವರು ಏನೆಂದರು? ಕಣ್ಣಪಾಪೆ! ಪಾಪೆ ಎಂದರೂ ಗೊಂಬೆಯೇ. ಎಲ್ಲೋ ಇದ್ದ ಇಬ್ಬರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಗೊಂಬೆಯನ್ನು ಕಂಡಿದ್ದಾರೆ. ತರಗತಿಯಲ್ಲಿ ಇದನ್ನು ಹೇಳಿ ಇಬ್ಬಿಬ್ಬರನ್ನು ಎದುರುಬದುರು ಕೂರಿಸುತ್ತೇನೆ, ಆಮೇಲೆ ಆ ಪದವನ್ನು ಯಾರೂ ಮರೆತದ್ದಿಲ್ಲ. ಪ್ರೀತಿಪಾತ್ರರನ್ನು ಇಂಗ್ಲಿಷಿನವರು ‘ದಿ ಆ್ಯಪಲ್ ಆಫ್ ಮೈ ಐ’ ಎನ್ನುತ್ತಾರಲ್ಲ, ಆ ಸೇಬು ಕೂಡ ಹಿಂದೆ ಇದೇ ಪಾಪೆಯ ಹೆಸರು. ನಮ್ಮ ‘ಕಣ್ಮಣಿ’ಗೆ ಸರಿಸಾಟಿ.

ಬಾಯಿಂದ ಸರಿಯಾಗಿ ಬರಲಿ

ಬರೆದ ಅಕ್ಷರವನ್ನೆಲ್ಲ ಓದಬಾರದು. ‘ಥಂಬ್’ ಅಲ್ಲ, ‘ಥಮ್’. ‘ಪಾಲ್ಮ್’ ಅಲ್ಲ, ‘ಪಾಮ್’. ಮಂಡಿಗೆ ‘ನೀ’, ಮಣಿಕಟ್ಟಿಗೆ ‘ರಿಸ್ಟ್’, ಬೆರಳ ಗೆಣ್ಣಿಗೆ ‘ನಕಲ್’. ಹೊಟ್ಟೆಗೆ ‘ಸ್ಟಮಕ್’, ಕೊನೆಯಲ್ಲಿ ‘ಚ್’ ಬರುವುದಿಲ್ಲ. ಸ್ನಾಯುವಿಗೆ ‘ಮಸಲ್’. ಅದರ ಲ್ಯಾಟಿನ್ ಮೂಲದಲ್ಲಿ ‘ಪುಟ್ಟ ಇಲಿ’ ಎಂಬ ಅರ್ಥವಿದೆ. ಅವರಿಗೆ ಚರ್ಮದಡಿ ಇಲಿ ಓಡಾಡಿದಂತೆ ಕಂಡಿತು, ನಮಗೆ ಮೊಣಕಾಲ ಕೆಳಗೆ ಹಿಂಬದಿಯಲ್ಲಿ ಮೀನು ಕಂಡು ಮೀನಖಂಡವಾಯಿತು.

ನಮ್ಮ ಸೀಮೆಯ ಮುಖ್ಯ ತೊಡಕು ಹಕಾರ. ಹಳ್ಳಿಗಳಲ್ಲಿ ಹಾಲು ‘ಆಲು’ ಆಗುತ್ತದೆ, ಹೊಟ್ಟೆ ‘ವಟ್ಟೆ’ ಆಗುತ್ತದೆ. ಅದು ನಮ್ಮ ಅಜ್ಜಿ ತಾತಂದಿರ ನುಡಿ, ನಾಚಿಕೊಳ್ಳುವಂಥದ್ದೇನೂ ಇಲ್ಲ. ಆದರೆ ಇಂಗ್ಲಿಷಿನಲ್ಲಿ ಅದೇ ಅಭ್ಯಾಸ ಬಂದರೆ ‘ಹಾರ್ಟ್’ ಹೋಗಿ ‘ಆರ್ಟ್’ ಆಗುತ್ತದೆ, ‘ಹೇರ್’ ಹೋಗಿ ‘ಏರ್’ ಆಗುತ್ತದೆ, ಹಿಮ್ಮಡಿಯ ‘ಹೀಲ್’ ಹಾವುಮೀನಿನ ‘ಈಲ್’ ಆಗುತ್ತದೆ. ಅಂಗೈಯನ್ನು ಬಾಯಿಂದ ನಾಲ್ಕು ಬೆರಳು ದೂರ ಹಿಡಿದು ‘ಹೆಡ್, ಹೇರ್, ಹ್ಯಾಂಡ್, ಹಿಪ್, ಹೀಲ್’ ಎಂದು ತಲೆಯಿಂದ ಕೆಳಕ್ಕೆ ಹೇಳಿ. ಪ್ರತಿ ಪದಕ್ಕೂ ಬಿಸಿ ಉಸಿರು ಅಂಗೈಗೆ ತಾಗಬೇಕು. ಬೆಳಿಗ್ಗೆ ಹತ್ತು ಸಲ, ರಾತ್ರಿ ಹತ್ತು ಸಲ ಸಾಕು.

ಯಾರ ಕೈ, ಯಾರ ಹಲ್ಲು?

ಇದೊಂದು ಸಣ್ಣ ವ್ಯಾಕರಣದ ಗುಟ್ಟು. ನಾವು ‘ಹಲ್ಲು ಉಜ್ಜಿಕೊಂಡೆ’, ‘ಕೈ ತೊಳೆದುಕೋ’ ಎನ್ನುತ್ತೇವೆ. ಯಾರ ಹಲ್ಲು ಎಂದು ಹೇಳುವುದಿಲ್ಲ, ಏಕೆಂದರೆ ‘ಕೊಳ್ಳು’ ಎಂಬ ಬಾಲವೇ ಅದನ್ನು ಹೇಳಿಬಿಡುತ್ತದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಆ ಬಾಲ ಇಲ್ಲ. ಹಾಗಾಗಿ ಅಂಗದ ಮುಂದೆ ‘ಮೈ, ಯುವರ್, ಹಿಸ್, ಹರ್’ ಕೂರಿಸಲೇಬೇಕು: ‘ಐ ಬ್ರಶ್ಡ್ ಮೈ ಟೀತ್’, ‘ವಾಶ್ ಯುವರ್ ಹ್ಯಾಂಡ್ಸ್’. ಕನ್ನಡದಲ್ಲಿ ಎಲ್ಲಿ ‘ಕೊಳ್ಳು’ ಬರುತ್ತದೋ ಅಲ್ಲಿ ‘ಮೈ, ಯುವರ್’ ಹುಡುಕಿ. ನುಡಿಗಟ್ಟುಗಳಲ್ಲೂ ಇದೇ ಕೆಲಸಕ್ಕೆ ಬರುತ್ತದೆ.

ನುಡಿಗಟ್ಟಿನ ಒಳಗಿನ ಏಕವಚನ, ಬಹುವಚನವನ್ನು ಮಾತ್ರ ಮುಟ್ಟಬೇಡಿ. ಕೊನೆಗಳಿಗೆಯಲ್ಲಿ ಧೈರ್ಯಗೆಟ್ಟು ಹಿಂದೆಗೆಯುವುದಕ್ಕೆ ‘ಕೋಲ್ಡ್ ಫೀಟ್’ ಎಂದೇ ಹೇಳಬೇಕು, ‘ಕೋಲ್ಡ್ ಫುಟ್’ ಎಂದರೆ ಪಾದ ತಣ್ಣಗಿದೆ ಎಂದಷ್ಟೇ.

ಮೂರು ಗೆರೆಯ ನೋಟ್‌ಬುಕ್

ಇನ್ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಪುಟಕ್ಕೆ ಮೂರು ಅಂಕಣ ಎಳೆಯಿರಿ. ಎಡಗಡೆ ಕನ್ನಡದ ಮಾತು. ನಡುವೆ ಅದು ನಿಜವಾಗಿ ಏನು ಹೇಳುತ್ತದೆ ಎಂಬುದು, ಯಾವ ಅಂಗದ ಹೆಸರೂ ಇಲ್ಲದೆ, ನೆಟ್ಟಗಿನ ಕನ್ನಡದಲ್ಲಿ. ಬಲಗಡೆ ಇಂಗ್ಲಿಷ್. ನಡುವಿನ ಅಂಕಣವೇ ಈ ವಿಧಾನದ ಜೀವಾಳ. ‘ಕೈ ಕೊಟ್ಟ’ ಎಂಬುದರ ಪಕ್ಕ ‘ನಂಬಿಸಿ ನಡುವೆ ಬಿಟ್ಟ’ ಎಂದು ಬರೆದ ಮೇಲೆ ಬಲಗಡೆ ‘ಹ್ಯಾಂಡ್’ ಬರೆಯಲು ಮನಸ್ಸೇ ಬರುವುದಿಲ್ಲ. ‘ಹಿ ಲೆಟ್ ಮಿ ಡೌನ್’ ತಾನಾಗಿ ಬರುತ್ತದೆ. ಮುಳಬಾಗಿಲಿನ ಹುಡುಗನ ನೋಟ್‌ಬುಕ್ಕಿನ ಮೊದಲ ಸಾಲು ಇದೇ.

ಮನೆಯಲ್ಲಿ ತೆಲುಗು ಮಾತಾಡುವವರು ನಮ್ಮಲ್ಲಿ ಬಹಳ. ಅವರು ಎಡ ಅಂಕಣದಲ್ಲಿ ತೆಲುಗನ್ನೂ ಸೇರಿಸಲಿ. ಹೊಟ್ಟೆಕಿಚ್ಚಿಗೆ ತೆಲುಗಿನಲ್ಲೂ ‘ಕಡುಪು ಮಂಟ’, ಹೊಟ್ಟೆಯ ಬೆಂಕಿಯೇ. ಇಂಗ್ಲಿಷಿನಲ್ಲಿ ಆ ಬೆಂಕಿ ಇಲ್ಲ. ಅಲ್ಲಿ ಅಸೂಯೆಗೆ ಬಣ್ಣ ಇದೆ: ‘ಗ್ರೀನ್ ವಿತ್ ಎನ್ವಿ’.

ತುಂಬುತ್ತಾ ಹೋದಂತೆ ಸಾಲುಗಳು ಮೂರು ಜಾತಿಗೆ ಸೇರುತ್ತವೆ. ಹಸಿರು, ನೀಲಿ, ಕೆಂಪು ಪೆನ್ನಿನಿಂದ ಗುರುತು ಹಾಕಿ.

ಹಸಿರು: ಎರಡು ಭಾಷೆಯಲ್ಲೂ ಒಂದೇ

ಇವನ್ನು ಬೇಗ ಮುಗಿಸಿಬಿಡಿ, ಇವು ಬಿಟ್ಟಿ ಸಿಗುವಂಥವು. ಹೆಸರು ನಾಲಿಗೆ ತುದಿಯಲ್ಲಿದೆ: ‘ಆನ್ ದಿ ಟಿಪ್ ಆಫ್ ಮೈ ಟಂಗ್’. ಕೂದಲೆಳೆಯಲ್ಲಿ ಪಾರಾದೆ: ‘ಬೈ ಎ ಹೇರ್ಸ್ ಬ್ರೆಡ್ತ್’. ಬೆನ್ನು ತಟ್ಟುವುದು: ‘ಎ ಪ್ಯಾಟ್ ಆನ್ ದಿ ಬ್ಯಾಕ್’. ಬೆನ್ನ ಹಿಂದೆ ಆಡಿಕೊಳ್ಳುವುದು: ‘ಬಿಹೈಂಡ್ ಮೈ ಬ್ಯಾಕ್’. ಪರರ ವಿಷಯಕ್ಕೆ ಮೂಗು ತೂರಿಸುವುದು: ‘ಪೋಕ್ ಯುವರ್ ನೋಸ್’. ಕೈತುಂಬ ಕೆಲಸ: ‘ಮೈ ಹ್ಯಾಂಡ್ಸ್ ಆರ್ ಫುಲ್’. ಮೈಯೆಲ್ಲ ಕಿವಿಯಾಗಿ ಕೇಳುವುದು: ‘ಐ ಆ್ಯಮ್ ಆಲ್ ಇಯರ್ಸ್’. ತಲೆಬುಡ ಗೊತ್ತಾಗದಿದ್ದರೆ ‘ಐ ಕಾಂಟ್ ಮೇಕ್ ಹೆಡ್ ಆರ್ ಟೇಲ್ ಆಫ್ ಇಟ್’. ನಮ್ಮದು ತಲೆಯಿಂದ ಬುಡಕ್ಕೆ, ಅವರದು ತಲೆಯಿಂದ ಬಾಲಕ್ಕೆ.

ನೀಲಿ: ಅರ್ಥ ಒಂದೇ, ಅಂಗ ಬೇರೆ

ಇಲ್ಲಿ ನಿಧಾನಿಸಿ. ಪದ್ಯ ಬಾಯಿಪಾಠ ಮಾಡಿದೆ, ಕಂಠಪಾಠ ಮಾಡಿದೆ ಎನ್ನುತ್ತೇವೆ. ನಮಗೆ ಕಲಿತದ್ದು ಬಾಯಲ್ಲಿ, ಗಂಟಲಲ್ಲಿ ಉಳಿಯುತ್ತದೆ. ಅವರಿಗೆ ಎದೆಯಲ್ಲಿ: ‘ಐ ಲರ್ನ್ಟ್ ಇಟ್ ಬೈ ಹಾರ್ಟ್’. ನಾವು ‘ಬೈಹಾರ್ಟ್ ಮಾಡಿದೆ’ ಎಂದು ಮಾತಾಡಿ ರೂಢಿಯಾಗಿ, ಇಂಗ್ಲಿಷಿನಲ್ಲೂ ‘ಐ ಬೈಹಾರ್ಟೆಡ್’ ಎಂದುಬಿಡುತ್ತೇವೆ. ‘ಲರ್ನ್’ ಎಂಬ ಕ್ರಿಯಾಪದ ಬಿಡಬೇಡಿ.

ಗಾಬರಿಯಲ್ಲಿ ನಮಗೆ ಜೀವ ಬಾಯಿಗೆ ಬರುತ್ತದೆ. ಅವರಿಗೆ ಹೃದಯ ಬಾಯಿಗೆ ಬರುತ್ತದೆ: ‘ಮೈ ಹಾರ್ಟ್ ವಾಸ್ ಇನ್ ಮೈ ಮೌತ್’. ಮೋಸ ಮಾಡುವವನು ನಮ್ಮಲ್ಲಿ ಕಿವಿ ಮೇಲೆ ಹೂ ಇಡುತ್ತಾನೆ, ಅಲ್ಲಿ ಕಣ್ಣಿನ ಮೇಲೆ ಉಣ್ಣೆ ಎಳೆಯುತ್ತಾನೆ: ‘ಪುಲ್ ದಿ ವುಲ್ ಓವರ್ ಸಮ್‌ವನ್ಸ್ ಐಸ್’. ಕೆಲವು ಕಡೆ ಒಂದು ಭಾಷೆಯಲ್ಲಿ ಅಂಗವೇ ಇರುವುದಿಲ್ಲ. ನಾವು ಮೀನಮೇಷ ಎಣಿಸುತ್ತೇವೆ, ಅವರು ಕಾಲೆಳೆದುಕೊಂಡು ನಡೆಯುತ್ತಾರೆ: ‘ಡ್ರ್ಯಾಗ್ ಯುವರ್ ಫೀಟ್’. ಕಂಡೂ ಕಾಣದಂತಿರುವುದಕ್ಕೆ ಅವರದು ‘ಟರ್ನ್ ಎ ಬ್ಲೈಂಡ್ ಐ’. 1801ರ ಕೋಪನ್‌ಹೇಗನ್ ಕದನದಲ್ಲಿ ಹಿಂದೆ ಸರಿಯಿರಿ ಎಂಬ ಸಂಕೇತ ಬಂದಾಗ ನೌಕಾಪಡೆಯ ನೆಲ್ಸನ್ ದುರ್ಬೀನನ್ನು ತನ್ನ ಕುರುಡು ಕಣ್ಣಿಗೆ ಹಿಡಿದು ನನಗೇನೂ ಕಾಣುತ್ತಿಲ್ಲ ಎಂದನಂತೆ, ಆ ಕಥೆಯನ್ನು ಈ ಮಾತಿನ ಜೊತೆ ಹೇಳುತ್ತಾರೆ.

ಕರುಳಿನ ವಿಷಯ ಬಂದಾಗ ನನ್ನ ವಿದ್ಯಾರ್ಥಿಗಳು ಸೋತೆವು ಎನ್ನುತ್ತಾರೆ. ಕರುಳು ಚುರ್ ಎಂದಿತು, ಹೆತ್ತ ಕರುಳು, ಕರುಳಬಳ್ಳಿ: ನಮ್ಮ ಮಮತೆಯೆಲ್ಲ ಇರುವುದು ಅಲ್ಲಿ. ಇಂದಿನ ಇಂಗ್ಲಿಷಿನಲ್ಲಿ ಅದನ್ನು ಹಾರ್ಟಿಗೇ ಒಪ್ಪಿಸಬೇಕು: ‘ಮೈ ಹಾರ್ಟ್ ವೆಂಟ್ ಔಟ್ ಟು ಹರ್’. ಆದರೆ 1611ರ ಕಿಂಗ್ ಜೇಮ್ಸ್ ಬೈಬಲ್ ತೆರೆದರೆ ‘ಬವಲ್ಸ್ ಆಫ್ ಮರ್ಸೀಸ್’ ಎಂದು ಬರೆದಿದೆ, ಅಂದರೆ ಕರುಣೆಯ ಕರುಳುಗಳು! ಅವರೂ ಒಂದು ಕಾಲಕ್ಕೆ ಕರುಳಿನಿಂದಲೇ ಮರುಗುತ್ತಿದ್ದರು. ಈಗ ಉಳಿದಿರುವ ‘ಗಟ್ ಫೀಲಿಂಗ್’ ಎಂಬುದಕ್ಕೆ ಮಮತೆಯ ಅರ್ಥ ಇಲ್ಲ, ಕಾರಣ ತಿಳಿಯದೆ ಒಳಗಿನಿಂದ ಹೀಗೇ ಎಂದು ಅನಿಸುವುದು ಅಷ್ಟೇ.

ಅಳತೆಯ ಮಾತನ್ನೂ ಇಲ್ಲೇ ಸೇರಿಸುತ್ತೇನೆ. ಚಿಕ್ಕಬಳ್ಳಾಪುರದಲ್ಲಿ ಹೂ ಮಾರುವ ಅಮ್ಮ ಸೇವಂತಿಗೆಯನ್ನು ಮೊಳಕೈಯಿಂದ ಬೆರಳ ತುದಿಯವರೆಗೆ ಹಿಡಿದು ಮೊಳ ಅಳೆಯುತ್ತಾರೆ. ಆ ‘ಮೊಳಕೈ’ಯಲ್ಲಿ ಮೊಳ ಇರುವ ಹಾಗೆ ‘ಎಲ್ಬೋ’ದಲ್ಲೂ ‘ಎಲ್’ ಎಂಬ ಹಳೆಯ ಅಳತೆ ಇದೆ. ಕುದುರೆಯ ಎತ್ತರವನ್ನು ಇಂಗ್ಲಿಷಿನವರು ಇಂದಿಗೂ ‘ಹ್ಯಾಂಡ್’ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಹ್ಯಾಂಡ್ ಎಂದರೆ 4 ಇಂಚು. ಅನುಭವದ ಅಂದಾಜಿಗೆ ‘ರೂಲ್ ಆಫ್ ಥಮ್’ ಎನ್ನುತ್ತಾರೆ. ನಮ್ಮಲ್ಲಿ ಹೆಬ್ಬೆಟ್ಟು ಎಂದರೆ ಓದುಬರಹ ಬಾರದವರು, ಆ ನೆರಳು ಇಂಗ್ಲಿಷಿನ ಹೆಬ್ಬೆರಳ ಮೇಲೆ ಬಿದ್ದಿಲ್ಲ.

ಕೆಂಪು: ನೋಡಲು ಒಂದೇ, ಅರ್ಥ ತಿರುಗುಮುರುಗು

ಸಂದರ್ಶನದಲ್ಲಿ, ಕಚೇರಿಯ ಪತ್ರದಲ್ಲಿ ಮುಜುಗರ ತರುವವು ಇವೇ. ಇವಕ್ಕೆ ನೋಟ್‌ಬುಕ್ಕಿನಲ್ಲಿ ಬೇರೆಯೇ ಪುಟ ಇರಲಿ.

‘ನಾಲಿಗೆ ಕಚ್ಚಿಕೊಂಡಳು’ ಎಂದರೆ ಆಡಬಾರದ್ದನ್ನು ಆಡಿ, ಆಮೇಲೆ ಅಯ್ಯೋ ಎಂದುಕೊಂಡಳು. ‘ಶಿ ಬಿಟ್ ಹರ್ ಟಂಗ್’ ಎಂದರೆ ಆಡಬೇಕೆನಿಸಿದ್ದನ್ನು ಆಡದೆ ತಡೆದುಕೊಂಡಳು. ನಮ್ಮಲ್ಲಿ ಮಾತು ಹೊರಬಿದ್ದಿದೆ, ಅಲ್ಲಿ ಒಳಗೇ ಉಳಿದಿದೆ. ಒಂದು ದೂರಿನ ಪತ್ರದಲ್ಲಿ ಈ ಎರಡರ ನಡುವೆ ಎಷ್ಟು ವ್ಯತ್ಯಾಸವಾಗುತ್ತದೆ ಯೋಚಿಸಿ.

‘ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ’ ಎನ್ನುವುದು ನಮ್ಮ ವಿನಯದ ಮಾತು. ಇಂಗ್ಲಿಷಿನಲ್ಲಿ ‘ಐ ಕಾಂಟ್ ಸ್ಟಮಕ್ ಇಟ್’ ಎಂದರೆ ನನ್ನಿಂದ ಸಹಿಸಲಾಗದು ಎಂಬ ಅಸಹ್ಯದ ಮಾತು. ಅಲ್ಲಿಯ ಹೊಟ್ಟೆ ಸಹಿಸಬಹುದು, ಕ್ಷಮಿಸುವುದಿಲ್ಲ. ಕ್ಷಮೆಗೆ ‘ಪ್ಲೀಸ್ ಫರ್ಗಿವ್ ಮಿ’ ಎಂದು ನೇರವಾಗಿ ಹೇಳಿ.

‘ಕಾಲೆಳೆಯುವುದು’ ನಮ್ಮಲ್ಲಿ ತಮಾಷೆಗೂ ಆಗುತ್ತದೆ, ಮೇಲೆ ಬರುವವರನ್ನು ಕೆಳಗೆ ಎಳೆಯುವುದಕ್ಕೂ ಆಗುತ್ತದೆ. ‘ಪುಲ್ಲಿಂಗ್ ಮೈ ಲೆಗ್’ ತಮಾಷೆ ಮಾತ್ರ. ಸಹೋದ್ಯೋಗಿಗಳು ಬಡ್ತಿ ತಪ್ಪಿಸಿದರು ಎನ್ನಲು ಅದನ್ನು ಬಳಸಿದರೆ ನಿಮ್ಮ ನೋವು ಕೇಳುವವರಿಗೆ ಆಟವಾಗಿ ಕಾಣುತ್ತದೆ.

ದಪ್ಪ ಚರ್ಮದವನು, ಎಮ್ಮೆ ಚರ್ಮದವನು ಎಂದರೆ ನಮ್ಮಲ್ಲಿ ಬೈಗುಳ. ‘ಯು ನೀಡ್ ಎ ಥಿಕ್ ಸ್ಕಿನ್ ಫಾರ್ ದಿಸ್ ಜಾಬ್’ ಎಂದು ಮೇಲಧಿಕಾರಿ ಹೇಳಿದರೆ ಬೇಸರ ಪಡಬೇಡಿ. ಗ್ರಾಹಕರ ಬೈಗುಳಕ್ಕೆ ಕುಗ್ಗದ ಗಟ್ಟಿತನ ಬೇಕು ಎಂದು ಹೇಳುತ್ತಿದ್ದಾರೆ. ‘ಹುಬ್ಬೇರಿಸುವಂತೆ ಆಡಿದ’ ಎಂಬುದು ನಮ್ಮ ಪತ್ರಿಕೆಗಳಲ್ಲಿ ಹೊಗಳಿಕೆ. ‘ಇಟ್ ರೈಸ್ಡ್ ಐಬ್ರೋಸ್’ ಎಂದರೆ ಮಾತ್ರ ಜನ ಇದೇನು ಎಂದು ಅನುಮಾನದಿಂದ, ಒಪ್ಪದೆ ನೋಡಿದರು ಎಂದರ್ಥ. ಒಳ್ಳೆಯ ಆಟಗಾರನಿಗೆ ಅದನ್ನು ಬಳಸಬಾರದು.

‘ತಲೆ ತಿನ್ನಬೇಡ’ ಎಂಬುದನ್ನು ಪದಕ್ಕೆ ಪದ ಇಟ್ಟರೆ ಕೇಳುವವರು ಬೆಚ್ಚುತ್ತಾರೆ. ‘ಸ್ಟಾಪ್ ಪೆಸ್ಟರಿಂಗ್ ಮಿ’ ಎನ್ನಿ. ಹಾಗೆ ಪೀಡಿಸುವವರಿಗೆ ‘ಪೇನ್ ಇನ್ ದಿ ನೆಕ್’ ಎನ್ನುವುದೂ ಇದೆ, ಆದರೆ ಅದು ಗೆಳೆಯರ ನಡುವಿನ ಮಾತು. ಅರ್ಜಿಯಲ್ಲಿ, ಹಿರಿಯರ ಮುಂದೆ ಬೇಡ.

ದಿನದ ಬಳಕೆ

ವಾರಕ್ಕೆ ಐದೇ ನುಡಿಗಟ್ಟು. ಪ್ರತಿಯೊಂದಕ್ಕೂ ಪುಸ್ತಕದ ಉದಾಹರಣೆ ಬೇಡ, ನಿಮ್ಮ ಊರಿನಲ್ಲಿ ನಿಜವಾಗಿ ನಡೆದದ್ದೊಂದು ವಾಕ್ಯ ಬೇಕು. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದಾಗ ತರಗತಿಯ ಒಬ್ಬಳು ಬರೆದಳು: ‘ಟೊಮೆಟೋಸ್ ಕಾಸ್ಟ್ ಆ್ಯನ್ ಆರ್ಮ್ ಆ್ಯಂಡ್ ಎ ಲೆಗ್ ದಿಸ್ ವೀಕ್’, ಅಂದರೆ ಕೈಕಾಲು ಕೊಟ್ಟು ಕೊಳ್ಳಬೇಕಾದಷ್ಟು ದುಬಾರಿ. ಅವಳ ಅಪ್ಪನೇ ಬೆಳೆಗಾರ, ಆ ವಾರ ಮನೆಯಲ್ಲಿ ಸಂಭ್ರಮ. ಹಾಗಾಗಿ ಅವಳಿಗೆ ಆ ಮಾತು ಹೊರುವ ದೂರು ತನ್ನ ಮನೆಯದಲ್ಲ, ಕೊಳ್ಳುವವರದು ಎಂದೂ ಹೊಳೆಯಿತು. ಕೆಳಗೆ ಇನ್ನೊಂದು ವಾಕ್ಯ ಸೇರಿಸಿದಳು: ‘ಮೈ ಫಾದರ್ ಕೆಪ್ಟ್ ಹಿಸ್ ಹೆಡ್’. ಬೆಲೆ ಏರಿತೆಂದು ಹಿಗ್ಗಿ ಸಾಲ ಮಾಡದೆ, ಬುದ್ಧಿ ಸ್ಥಿಮಿತದಲ್ಲಿಟ್ಟುಕೊಂಡರು ಎಂದು. ಈ ಎರಡು ವಾಕ್ಯಗಳನ್ನು ಅವಳು ಈಗಲೂ ನೋಡದೆ ಹೇಳುತ್ತಾಳೆ.

ಸೋಮವಾರ ಐದನ್ನೂ ಬರೆದುಕೊಳ್ಳಿ. ಮಂಗಳವಾರದಿಂದ ಶನಿವಾರದವರೆಗೆ ದಿನಕ್ಕೊಂದನ್ನು ಯಾರಿಗಾದರೂ ಬಾಯಿಬಿಟ್ಟು ಹೇಳಿ. ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರಿಗೆ ಪಕ್ಕದ ಸೀಟಿನ ಗೆಳೆಯರೇ ಸಾಕು. ಭಾನುವಾರ ಬಲಗಡೆಯ ಅಂಕಣವನ್ನು ಕಾಗದದಿಂದ ಮುಚ್ಚಿ, ನಡುವಿನ ಅರ್ಥವನ್ನಷ್ಟೇ ಓದಿ ಇಂಗ್ಲಿಷ್ ಹೇಳಿ. ಎಡಗಡೆಯದನ್ನೂ ಮುಚ್ಚುವುದು ಒಳ್ಳೆಯದು, ಇಲ್ಲದಿದ್ದರೆ ಕೈ ಕಂಡ ಕೂಡಲೇ ನಾಲಿಗೆ ‘ಹ್ಯಾಂಡ್’ ಎಂದುಬಿಡುತ್ತದೆ. ತಪ್ಪಿದ್ದನ್ನು ಮುಂದಿನ ವಾರದ ಐದರೊಳಗೆ ಸೇರಿಸಿ.

ಮೊದಲ ವಾರಕ್ಕೆ ನಾನು ಕೊಡುವ ಐದು: ‘ಗಿವ್ ಮಿ ಎ ಹ್ಯಾಂಡ್’, ‘ಆನ್ ದಿ ಟಿಪ್ ಆಫ್ ಮೈ ಟಂಗ್’, ‘ಲರ್ನ್ ಬೈ ಹಾರ್ಟ್’, ‘ಬೈಟ್ ಯುವರ್ ಟಂಗ್’, ‘ಕೋಲ್ಡ್ ಫೀಟ್’. ಹಸಿರು ಒಂದು, ನೀಲಿ ಒಂದು, ಕೆಂಪು ಎರಡು ಇದರಲ್ಲಿವೆ. ‘ಕೋಲ್ಡ್ ಫೀಟ್’ಗೆ ಯಾವ ಬಣ್ಣ ಎಂಬುದನ್ನು ನೀವೇ ನಡುವಿನ ಅಂಕಣ ತುಂಬಿ ನೋಡಿ: ಹೆದರಿದಾಗ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ, ಕೈಕಾಲು ತಣ್ಣಗಾಯಿತು ಎಂದೋ, ಕೈಕಾಲು ನಡುಗಿತು ಎಂದೋ?